ಒಂದೇ ನೆಗೆಟಿವ್

ನಿಪ್ಪಾಣಿ,
೪ ಮಾರ್ಚ್ ೧೯೮೯

ತೀರ್ಥರೂಪ ಅಪ್ಪನವರಿಗೆ ನೀಲವ್ವನ ನಮಸ್ಕಾರ.

ನೀವು ಕೇಳಿದ ಎರಡೂ ಫೋಟೋ ಇದರ ಜೊತೆ ಇವೆ. ತೀರಿಹೋದ ಅಕ್ಕನದು ಜುಗೂಳದಲ್ಲಿ ಭಾವನ ಮನೆಯ ಗೋಡೆಗೆ. ನನ್ನದು ಅವರ ಮನೆದೇವರ ಮುಂದಿಟ್ಟು, ಅಕ್ಕನ ಜಾಗಕ್ಕೆ ನಾನು ಆದೀತೇ ಎಂದು ಹೂವಿನ ಪ್ರಸಾದ ಕೇಳಲಿಕ್ಕೆ.

ಪಂಚಮಿಗೆ ಅಕ್ಕ ಬಂದಾಗ ನಾವಿಬ್ಬರೂ ಜೋಡಿ ನಿಂತು ತೆಗೆಸಿದ ನೆಗೆಟಿವ್ ಇತ್ತಲ್ಲ, ಎರಡನ್ನೂ ಅದರಿಂದಲೇ ಮಾಡಿದೆ. ಕತ್ತಲೆ ಕೋಣೆಯಲ್ಲಿ ಫೋಟೋ ಕಾಗದದ ಮೇಲೆ ಅವಳ ಮುಖಕ್ಕೆ ಬೆಳಕು ಬಿಡುವಾಗ ನನ್ನ ಮೇಲೆ ರಟ್ಟು ಹಿಡಿದೆ. ನನಗೆ ಬಿಡುವಾಗ ಅವಳ ಮೇಲೆ ಹಿಡಿದೆ.

“ರಟ್ಟು ಆಡಸ್ತಿರು ತಂಗಿ, ಇಲ್ಲಂದ್ರ ಅಂಚು ಕಾಣತೈತಿ,” ಎಂದರು ಸ್ಟುಡಿಯೋದ ತವನಪ್ಪ ಕಾಕಾ. ಆಡಿಸಿದೆ. ಅಂಚು ಕಾಣುವುದಿಲ್ಲ.

ಪ್ರಸಾದ ಬಲಕ್ಕೆ ಬಿದ್ದರೆ ಬೇಗ ತಿಳಿಸಿರಿ. ಬರುವ ತಿಂಗಳು ಕಾಕಾ ನೆಗೆಟಿವ್ ತಿದ್ದುವುದನ್ನು ಕಲಿಸುವವರಿದ್ದಾರೆ. ಬೇಡವೆಂದು ಅವರಿಗೆ ಹೇಳಬೇಕಾಗುತ್ತದೆ.

ಇನ್ನೊಂದು ಮಾತು. ಇಬ್ಬರೂ ನೀವು ತಂದ ಒಂದೇ ಥರದ ಸೀರೆ ಉಟ್ಟಿದ್ದೇವೆ, ಮುಖವೂ ಹೋಲುತ್ತದೆ. ಫೋಟೋದ ಹಿಂದೆ ಹೆಸರು ಬರೆದಿದ್ದೇನೆ. ಹಾರ ಹಾಕುವ ಮುಂಚೆ ಒಮ್ಮೆ ತಿರುವಿ ನೋಡಲು ಭಾವನ ಮನೆಯವರಿಗೆ ಹೇಳಿರಿ.

ನಿಮ್ಮ ಮಗಳು,
ನೀಲವ್ವ