ಒತ್ತಬಾರದ ಜಾಗ

ಕಸಬಾ ಪೇಠ, ಪುಣೆ
೨೨ ಫೆಬ್ರುವರಿ ೨೦೦೩

ಅಕ್ಕ ಶಿವಬಸವ್ವನಿಗೆ ತಂಗಿ ಅನುಸೂಯಾಳ ಶರಣು.

ನಿನ್ನ ಎರಡು ಕಾಗದ ಬಂದು ತಿಂಗಳಾಯಿತು. ಸಂಕ್ರಾಂತಿಗೆ ಕಳಿಸಿದ ಸಜ್ಜೆ ರೊಟ್ಟಿಯೂ ಶೇಂಗಾ ಚಟ್ನಿಯೂ ಮುಟ್ಟಿದವು. ರೊಟ್ಟಿ ತಿಂದು ಸುಮ್ಮನಾದಳು, ಒಂದು ಸಾಲು ಬರೆಯಲು ಇವಳ ಕೈಗೇನಾಗಿದೆ ಎಂದು ಬೈದಿರುತ್ತೀಯ. ಬೈ. ಫೋನು ಮಾಡೋಣವೆಂದರೆ ಬೂತಿನವನೂ ಅವನ ಗಿರಾಕಿಗಳೂ ಕಿವಿ ನಿಮಿರಿಸಿ ಕೂತಿರುತ್ತಾರೆ.

ಇವರ ಬೆನ್ನಿನ ವಿಷಯ ದೀಪಾವಳಿಯಲ್ಲೇ ಬರೆದಿದ್ದೆ. ಇಪ್ಪತ್ತಾರು ವರ್ಷ ಸೀರೆ ಅಂಗಡಿಯ ಗಾದಿಯ ಮೇಲೆ ಬಗ್ಗಿ ಕೂತು ಮಡಿಕೆ ಬಿಡಿಸಿದ ಬೆನ್ನು ಅದು. ಒಂದು ಸೀರೆ ಕೊಳ್ಳುವವಳಿಗೆ ನಲವತ್ತು ಸೀರೆ ತೋರಿಸಬೇಕು, ಆಮೇಲೆ ಅವಳು ‘ನಾಳೆ ಬರುತ್ತೇನೆ’ ಎಂದು ಎದ್ದು ಹೋಗುತ್ತಾಳೆ. ದೀಪಾವಳಿಯ ಗದ್ದಲ ಮುಗಿದರೆ ಸರಿಹೋಗುತ್ತದೆ ಅಂದುಕೊಂಡೆವು, ಹೋಗಲಿಲ್ಲ. ಬೆನ್ನು ಹಲಗೆಯಾಯಿತು. ಎಳ್ಳೆಣ್ಣೆ ತಿಕ್ಕಿದೆ, ಉಪ್ಪಿನ ಗಂಟು ಕಾಯಿಸಿ ಇಟ್ಟೆ. ಸಂಜೆಯಾದರೆ ಮೈ ಸ್ವಲ್ಪ ಬಿಸಿ. ಅಂಗಿ ಜೋಲುತ್ತಿತ್ತು. ‘ಈ ವಯಸ್ಸಿನಾಗ ಸ್ಲಿಮ್ ಆಗಾಕತ್ತೇನಿ ನೋಡು’ ಎಂದು ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಅಂಗಡಿಯ ಮಾಲೀಕರು ಮಾರ್ತಾಂಡರಾಯರು ಒಳ್ಳೆಯವರು. ಕ್ಯಾಂಪಿನ ಕಡೆ ಹೊಸದಾಗಿ ಒಂದು ಸ್ಪಾ ತೆರೆದಿದ್ದಾರೆ, ಉಗಿ ಸ್ನಾನ, ಮಾಲೀಶು ಎಲ್ಲ ಉಂಟು. ಅಲ್ಲಿಗೆ ತಾವೇ ಚೀಟಿ ಮಾಡಿಸಿ ಕೊಟ್ಟು, ‘ಜಾವೂನ್ ಯಾ, ಪಾಠ ಮೋಕಳೀ ಹೋಯೀಲ್’ ಎಂದರು. ಹೋಗಿ ಬಂದರೆ ಬೆನ್ನು ಸಡಿಲಾಗುತ್ತದಂತೆ. ಜನವರಿ ಕೊನೆಯ ಶುಕ್ರವಾರ ಹೋದೆವು. ಅಕ್ಕ, ಏನು ಥಳಕು ಅಂತೀ! ಬಾಗಿಲಲ್ಲೇ ಗಂಧದ ವಾಸನೆ, ಹಿತ್ತಾಳೆ ಪಾತ್ರೆಯಲ್ಲಿ ತೇಲಿಬಿಟ್ಟ ಹೂವು. ಒಂದು ಕಾಗದ ಕೊಟ್ಟು ಜ್ವರ ಉಂಟೇ, ತೂಕ ಇಳಿದಿದೆಯೇ ಎಂದು ಕೇಳಿದರು. ‘ಇಲ್ಲ ಅಂತ ಬರಿ, ಇಲ್ಲಂದ್ರ ವಾಪಸ್ ಕಳಸ್ತಾರ’ ಎಂದರು ಇವರು. ಬರೆದೆ.

ಮಾಲೀಶು ಮಾಡುವವನ ಹೆಸರು ಭೀಮು. ನಮ್ಮ ಕನ್ನಡ ಕಿವಿಗೆ ಬಿದ್ದದ್ದೇ ಅವನ ಮುಖ ಅರಳಿತು. ಯಾದಗಿರಿ ಕಡೆಯವನು. ತಂದೆ ತಾಯಿ ಕಟ್ಟಡ ಕೆಲಸಕ್ಕೆ ಬಂದು ಯೆರವಡಾದಲ್ಲಿ ನಿಂತವರು. ಇವನೂ ಹತ್ತು ವರ್ಷ ಸಿಮೆಂಟ್ ಹೊತ್ತು, ಆಮೇಲೆ ಈ ವಿದ್ಯೆ ಕಲಿತನಂತೆ. ‘ಕಾಕಾ, ಬರ್ರಿ, ನಿಧಾನಕ ಬರ್ರಿ’ ಎಂದು ಇವರ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದ.

ಒಂದು ಗಂಟೆಯ ಮೇಲೆ, ಇವರು ಉಗಿ ಕೋಣೆಯಲ್ಲಿದ್ದಾಗ, ಅವನೊಬ್ಬನೇ ಹೊರಗೆ ಬಂದ. ಮುಖದಲ್ಲಿ ಆ ನಗೆ ಇರಲಿಲ್ಲ.

‘ಅವ್ವಾರ, ಹೆಗಲಾ, ಸೊಂಟಾ ಎಲ್ಲಾ ಬಿಡಿಸೇನ್ರಿ. ಆದ್ರ ನಡುಬೆನ್ನಾಗ ಒಂದು ಜಾಗಾ ಅದ, ಅಲ್ಲಿ ನಾ ಕೈ ಹಚ್ಚಿಲ್ರಿ. ಅಲ್ಲಿ ಮಾಂಸ ಸುಮ್ಮನ ಬಿಗದಿಲ್ಲ, ಒಳಗ ಏನೋ ಕೆಟ್ಟದ್ದಕ್ಕ ಕಾವಲು ನಿಂತದ. ಯಾರ ಕೈಲೂ ಒತ್ತಸಬ್ಯಾಡ್ರಿ. ಮೊದಲು ಎಕ್ಸ್‌ರೇ ತಗಸ್ರಿ.’

ಅಷ್ಟರಲ್ಲಿ ಇವರು ಹೊರಬಂದರು, ಮದುಮಗನ ಹಾಗೆ ಮಿಂಚುತ್ತ. ‘ಅನಸೂ, ಹತ್ತು ವರ್ಷ ಕಡಿಮಿ ಆತು ನೋಡು!’ ಆ ಖುಷಿಗೆ ನೀರು ಎರಚುವ ಮನಸ್ಸಾಗಲಿಲ್ಲ. ಸೋಮವಾರ ಹೇಳಿದರಾಯಿತು ಎಂದು ಸುಮ್ಮನಾದೆ. ಭೀಮು ಹೇಳಿದ್ದನ್ನು ಕೇಳಿದವಳು ನಾನೊಬ್ಬಳೇ.

ಸೋಮವಾರ ಬರಲಿಲ್ಲ ಅಕ್ಕ. ಭಾನುವಾರವೇ ಇವರ ಎರಡೂ ಕಾಲು ಹೋದವು. ಹೆಬ್ಬೆರಳು ಹಿಂಡಿದರೂ ಇವರಿಗೆ ತಿಳಿಯಲಿಲ್ಲ. ನೆರೆಮನೆಯ ಗೌರಾಬಾಯಿಯ ಗಂಡ, ಮಕ್ಕಳು ಸೇರಿ ಕುರ್ಚಿಯಲ್ಲಿ ಕೂರಿಸಿ ಎರಡು ಮಹಡಿ ಇಳಿಸಿದರು.

ಬೆನ್ನೆಲುಬಿಗೆ ಕ್ಷಯ ಹತ್ತಿದೆ ಎಂದರು ಡಾಕ್ಟರು. ಕ್ಷಯ ಎದೆಗೆ ಮಾತ್ರ ಬರುತ್ತದೆಂದು ತಿಳಿದಿದ್ದೆ ನಾನು. ಎರಡು ಎಲುಬು ಒಳಗೇ ಗೆದ್ದಲು ಹಿಡಿದ ತೊಲೆಯಂತಾಗಿದ್ದವು. ಬೇಗ ಬಂದಿದ್ದರೆ ಗುಳಿಗೆಯಲ್ಲೇ ವಾಸಿಯಾಗುತ್ತಿತ್ತಂತೆ. ಯಾರೋ ಭಾರ ಹಾಕಿ ಒತ್ತಿದ್ದಾರೆ, ಎಲುಬು ಕುಸಿದು ನರದ ಮೇಲೆ ಕೂತಿದೆ ಎಂದರು. ‘ಯಾರು ಒತ್ತಿದ್ದು?’ ಎಂದು ಕೇಳಿದರು.

‘ಸ್ಪಾದಲ್ಲಿ ಮಾಲೀಶಿನವನು’ ಎಂದರು ಇವರು, ಗೋಡೆ ನೋಡುತ್ತ. ನಾನು ಮಂಚದ ಕಾಲ ಹತ್ತಿರ ನಿಂತಿದ್ದೆ.

ಆಪರೇಷನ್ ಆಯಿತು. ಕಾಲಿಗೆ ಜೀವ ಬಂದರೂ ಬರಬಹುದು, ಬಾರದೆಯೂ ಇರಬಹುದಂತೆ. ಮಾರ್ತಾಂಡರಾಯರು ತಾವೇ ಕಳಿಸಿದ್ದೆಂಬ ಸಂಕಟಕ್ಕೆ ಕೆಂಡವಾಗಿ ಪೊಲೀಸರಿಗೆ ದೂರು ಕೊಟ್ಟರು. ಸ್ಪಾದವರು ಅಂದೇ ಭೀಮುವನ್ನು ಕೆಲಸದಿಂದ ತೆಗೆದರು. ಅವನ ಹೆಂಡತಿ ಸಪ್ನಾ ಆರು ತಿಂಗಳ ಬಸುರಿ.

ಕೆಲಸ ಹೋದದ್ದನ್ನೂ ಸೊಸೆಯ ಬಸುರನ್ನೂ ನನಗೆ ಹೇಳಿದವಳು ಅವನ ತಾಯಿ ಸಾಬವ್ವ. ಮೊನ್ನೆ ಮಂಗಳವಾರ ಮಧ್ಯಾಹ್ನ ಮನೆ ಹುಡುಕಿಕೊಂಡು ಬಂದಿದ್ದಳು. ಒಳಗೆ ಕರೆದರೂ ಬರಲಿಲ್ಲ, ಹೊಸ್ತಿಲ ಹೊರಗೇ ಕುಕ್ಕರಿಸಿದಳು. ಬೈಯುತ್ತಾಳೆಂದು ಕಾದೆ, ಬೈದಿದ್ದರೆ ನಾನೂ ಎರಡು ಮಾತು ಅಂದು ಬಾಗಿಲು ಹಾಕಿಕೊಳ್ಳಬಹುದಿತ್ತು.

‘ನನ್ನ ಮಗಾ ನಿಮಗೊಂದು ಮಾತು ಹೇಳೇನಂತಾನ್ರಿ ಅವ್ವಾರ. ಹೇಳಿದ್ದು ಖರೇ ಇದ್ರ ಖರೇ ಅನ್ರಿ, ಸುಳ್ಳಿದ್ರ ಸುಳ್ಳಂತ ನನ್ನ ಮಾರಿ ನೋಡಿ ಅನ್ರಿ. ನಾ ಎದ್ದು ಹೋಗ್ತೀನಿ.’

ನಾನು ನೀರು ತರುತ್ತೇನೆಂದು ಒಳಗೆ ಹೋದೆ. ಹೋದವಳು ಅಡುಗೆಮನೆಯಲ್ಲೇ ನಿಂತುಬಿಟ್ಟೆ. ಬಹಳ ಹೊತ್ತಿನ ಮೇಲೆ ಬಂದು ನೋಡಿದರೆ ಅವಳಿರಲಿಲ್ಲ. ಅಂದಿನಿಂದ ಮೆಟ್ಟಿಲಲ್ಲಿ ಸಪ್ಪಳವಾದರೆ ಸಾಕು, ಹೋಗಿ ಚಿಲಕ ಹಾಕುತ್ತೇನೆ.

ಮಾವನವರಿಗೆ ನನ್ನ ಶರಣು ಹೇಳು. ಮೊಮ್ಮಕ್ಕಳು ಚೆನ್ನಾಗಿರಲಿ, ಓದಿ ದೊಡ್ಡವರಾಗಲಿ, ನೂರು ವರ್ಷ ತಮ್ಮ ಕಾಲ ಮೇಲೆ ತಾವು ಓಡಾಡಲಿ. ಇವರನ್ನು ನೋಡಲು ಈಗಲೇ ಹೊರಡಬೇಡ. ನಿನ್ನ ಮುಖ ಕಂಡರೆ ನಾನು ಗಟ್ಟಿಯಾಗಿ ನಿಲ್ಲಲಾರೆ.

ನಿನ್ನ ತಂಗಿ
ಅನುಸೂಯಾ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಡಿಸಿದೆ. ನಾನು ಕಾಲು ಮುಂದಾಗಿ ಹುಟ್ಟಿದವಳು, ತುಳಿದರೆ ನೋವು ಬಿಡುತ್ತದೆ ಎಂದು ಊರಲ್ಲಿ ಬೆನ್ನು ಹಿಡಿದವರೆಲ್ಲ ನಮ್ಮ ಅಂಗಳಕ್ಕೆ ಬರುತ್ತಿದ್ದರಲ್ಲ, ಅಪ್ಪ ನನ್ನನ್ನು ಎತ್ತಿ ಅವರ ಬೆನ್ನ ಮೇಲೆ ನಿಲ್ಲಿಸುತ್ತಿದ್ದ. ಗಂಡನ ಮೈಗೆ ಕಾಲು ತಗುಲಿಸಬಾರದೆಂದು ಇಷ್ಟು ವರ್ಷ ಇವರ ಬೆನ್ನಿಗೆ ಮಾತ್ರ ಕಾಲಿಟ್ಟಿರಲಿಲ್ಲ. ಆ ಭಾನುವಾರ ಮುಂಜಾನೆ ಇವರೇ ಕೆಳಗಿಳಿದು ಹಾಲು ತಂದರು. ಚಹಾ ಕುಡಿಯುತ್ತ ಮತ್ತೆ ಭೀಮುವಿನ ಕೈಗುಣದ ಹೊಗಳಿಕೆ, ಎರಡು ದಿನದಿಂದ ಅದೇ ಪುರಾಣ. ನನಗೆ ಉರಿಯಿತು. ಅವನು ಹೆದರಿ ಬಿಟ್ಟ ಜಾಗವನ್ನು ನಾನು ಬಿಡಿಸಿ ತೋರಿಸುತ್ತೇನೆಂಬ ಸೊಕ್ಕು ಬಂತು. ‘ಬೋರಲ ಮಲಗ್ರಿ’ ಎಂದೆ. ಗೋಡೆ ಹಿಡಿದು ಹಿಮ್ಮಡಿ ಊರಿದೆ. ಒಳಗೆ ಏನೋ ಮುರಿದ ಸದ್ದು ಇಬ್ಬರಿಗೂ ಕೇಳಿಸಿತು. ಕುರ್ಚಿಯಲ್ಲಿ ಇಳಿಸುವಾಗ ಇವರು ನನ್ನ ಕಿವಿಯಲ್ಲಿ, ‘ನೀ ಕಾಲಿಟ್ಟಿದ್ದು ಯಾರ ಮುಂದೂ ಅನಬ್ಯಾಡ, ಮಂದಿ ನಿನ್ನ ಬದುಕಗೊಡಂಗಿಲ್ಲ’ ಎಂದರು.

ಗುರುವಾರ ಠಾಣೆಯಲ್ಲಿ ನನ್ನ ಹೇಳಿಕೆ ಬರೆದುಕೊಂಡರು. ಭೀಮು ಇವರ ಬೆನ್ನ ಮೇಲೆ ಮೊಣಕಾಲೂರಿ ಒತ್ತಿದ್ದನ್ನು ಕಣ್ಣಾರೆ ಕಂಡೆ ಎಂದಿದೆ ಅದರಲ್ಲಿ. ಸಹಿ ಹಾಕಿದೆ, ಅಕ್ಕ. ಹೊರಗೆ ಬಂದಾಗ ಬೆಂಚಿನ ಮೇಲೆ ಅವನು ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತು ಕೇಳಿದ, ‘ಅವ್ವಾರ, ಕಾಕಾನ ಕಾಲಾಗ ಜೀವ ಬಂತೇನ್ರಿ?’