ಹೊಸ್ತಿಲ ಕೆಳಗೊಂದು ಐದು ರೂಪಾಯಿ

ದಾವಣಗೆರೆ,
ಫೆಬ್ರವರಿ ಮೂವತ್ತು, ೨೨೧೭

ನಮ್ಮ ಮನೆಯ ಬಾಗಿಲು ನಿಲ್ಲಿಸಲಿರುವ ಹಿರಿಯರಿಗೆ ನಮಸ್ಕಾರಗಳು.

ತಾರೀಖು ನೋಡಿ ಪತ್ರ ಮಡಚಿಡಬೇಡಿ. ಫೆಬ್ರವರಿಗೆ ತಲೆತಲಾಂತರದಿಂದ ಆಗುತ್ತಿದ್ದ ಅನ್ಯಾಯವನ್ನು ನಮ್ಮ ಕಾಲದಲ್ಲಿ ಸರಿಪಡಿಸಲಾಗಿದೆ. ಜನವರಿಯಿಂದೊಂದು, ಮಾರ್ಚಿನಿಂದೊಂದು ದಿನ ಕಿತ್ತು ಅದಕ್ಕೆ ಕೊಟ್ಟಿದ್ದಾರೆ. ಸರಿಪಡಿಸಲು ಬೇರೆ ಅನ್ಯಾಯಗಳೂ ಇದ್ದವು. ಸುಲಭದ್ದರಿಂದ ಶುರು ಮಾಡುವುದು ಸರ್ಕಾರಗಳ ಹಳೆಯ ಪದ್ಧತಿ, ಅದು ಬದಲಾಗಿಲ್ಲ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಕನ್ನಡ ಮಾಧ್ಯಮದಲ್ಲೇ ಪದವಿ ಮುಗಿಸಿದವನು; ಆದರೆ ನಿಮ್ಮ ಕಾಲದ ಕನ್ನಡ ನಮಗೆ ಹಳೆಗನ್ನಡದ ಪಕ್ಕದ ಬೆಂಚಿನಲ್ಲಿ ಕೂತಿತ್ತು.

ಈ ಪತ್ರ ನಿಮಗೆ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಮನೆಗೆ ಒಂದೇ ಪತ್ರ, ಉತ್ತರ ಬರುವುದಿಲ್ಲ. ಹೆಚ್ಚಿನವರು ಮುತ್ತಾತನಿಗೆ 'ಆ ಸೈಟು ಬಿಡಬೇಡಿ' ಎಂದು ಬರೆದು ತಮ್ಮ ಪಾಲು ಮುಗಿಸಿಕೊಳ್ಳುತ್ತಾರೆ. ಮುತ್ತಾತಂದಿರು ಯಾವ ಕಾಲದಲ್ಲೂ ಮಾತು ಕೇಳಿದವರಲ್ಲ. ನಮಗೆ ನಿಮ್ಮ ಹೆಸರು ಗೊತ್ತಿಲ್ಲ. ಮನೆ ಹಲವು ಕೈ ಬದಲಾಗಿದೆ. ಬಾಗಿಲ ಮೇಲೆ ಸಿಮೆಂಟಿನಲ್ಲಿ ಮೂಡಿಸಿದ '೨೦೨೬' ಮಾತ್ರ ಉಳಿದಿದೆ. ಆದ್ದರಿಂದ ಆ ವರ್ಷ ದಾವಣಗೆರೆಯಲ್ಲಿ ಮನೆ ಕಟ್ಟಿಸುವ ಎಲ್ಲರಿಗೂ ಸೇರಿಸಿ ಇದೊಂದನ್ನೇ ಬರೆದಿದ್ದೇನೆ. ಯಾರಿಗೆ ಸಲ್ಲಬೇಕೋ ಅವರಿಗೆ ಸಲ್ಲಲಿ, ಉಳಿದವರು ಓದಿ ಪಕ್ಕಕ್ಕಿಡಲಿ.

ನಮ್ಮಲ್ಲಿ ನಾಣ್ಯವಿಲ್ಲ. ಅಂಗಡಿಯವನು ಬೆಲೆ ಹೇಳುತ್ತಾನೆ, ನಾವು 'ಹೂಂ' ಅನ್ನುತ್ತೇವೆ, ಹಣ ಹೋಗುತ್ತದೆ. ಇದಕ್ಕೆ ಹೂಂಪಾವತಿ ಎಂದು ಹೆಸರು. ಇದರಿಂದಾಗಿ ಸಂತೆಯಲ್ಲಿ ಯಾರಾದರೂ ಕಷ್ಟಸುಖ ಹೇಳಿಕೊಂಡರೆ ಯಾರೂ ಹೂಂಗುಟ್ಟುವುದಿಲ್ಲ. ಬಾಯಿ ಬಿಗಿಹಿಡಿದು ಕೇಳುತ್ತಾರೆ. ಹಿಂದೊಮ್ಮೆ ನನ್ನ ತಂದೆ ಒಬ್ಬರ ಸಂಕಟಕ್ಕೆ ಮನಸಾರೆ ಹೂಂಗುಟ್ಟಿ ಒಂದು ಎಮ್ಮೆ ಕೊಂಡಿದ್ದರು.

ನಿಮ್ಮ ಕಾಲದ ಚಿಲ್ಲರೆ ಈಗ ಸೇರಿನ ಲೆಕ್ಕದಲ್ಲಿ ಸಿಗುತ್ತದೆ, ಮಂಡಕ್ಕಿಯ ಹಾಗೆ. ಹರಿಹರದ ಸೇತುವೆ ದಾಟುವಾಗ ನೀವು ರೈಲಿನ ಕಿಟಕಿಯಿಂದ ಹೊಳೆಗೆ ಎಸೆದದ್ದು, ಆಟೋ ಸೀಟಿನ ಸಂದಿಯಲ್ಲಿ ಕಳೆದದ್ದು, ಮಕ್ಕಳ ಮಣ್ಣಿನ ಹುಂಡಿಯಲ್ಲಿ ಮರೆತದ್ದು ಎಲ್ಲ ಗೋಣಿಚೀಲದಲ್ಲಿ ಬರುತ್ತದೆ. ಕುಲುಮೆಗೆ ಹೋಗುವ ಮುಂಚೆ ನಾವು ಕೆಲವರು ಅದನ್ನು ಮೊರಕ್ಕೆ ಹಾಕಿಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಆರಿಸುತ್ತೇವೆ. ವ್ಯತ್ಯಾಸ ಇಷ್ಟೇ: ನಾವು ಕಲ್ಲನ್ನು ಇಟ್ಟುಕೊಂಡು ಅಕ್ಕಿಯನ್ನು ಬಿಡುವವರು. 'ಬಂದದ್ದನ್ನು ತಿರುವು, ಕಂಡದ್ದಕ್ಕೆ ಉಳಿವು' ಎಂದು ನಾನೇ ಕಟ್ಟಿದ ಒಂದು ಸಾಲು ನಮ್ಮ ಜಗುಲಿಯ ಗೋಡೆಯ ಮೇಲಿದೆ. ಯಾರೂ ಹೊಗಳಿಲ್ಲ, ಅಳಿಸಿಯೂ ಇಲ್ಲ.

ಈ ಕೆಲಸಕ್ಕೆ ನನ್ನನ್ನು ಹಚ್ಚಿದವರು ನನ್ನ ಸೋದರತ್ತೆ ದಾಕ್ಷಾಯಣಮ್ಮ. ಐದು ರೂಪಾಯಿ ನಾಣ್ಯವನ್ನು ಟಂಕಿಸಿದ ಒಂದೊಂದು ವರ್ಷಕ್ಕೆ ಒಂದೊಂದರಂತೆ ಹೊಂದಿಸಿ, ಮಣೆಯ ಮೇಲೆ ತೋಡಿದ ಕುಳಿಗಳಲ್ಲಿ ಸಾಲಾಗಿ ಕೂರಿಸುವುದರಲ್ಲಿ ಅವರ ಆಯುಷ್ಯ ಕಳೆದಿದೆ. ಓಣಿಯ ಮಕ್ಕಳು ಬಂದು ಮುಟ್ಟಿ, ದುಡ್ಡಿಗೆ ತೂಕವಿತ್ತೇ ಎಂದು ಆಶ್ಚರ್ಯಪಡುತ್ತಾರೆ. ಈಗ ಲೋಹಕ್ಕೆ ಬರ ಬಂದಿದೆ. ಬರುವ ಯುಗಾದಿಯ ಹೊತ್ತಿಗೆ ಎಲ್ಲ ಹಳೆಯ ನಾಣ್ಯಗಳೂ ಕುಲುಮೆ ಸೇರಬೇಕೆಂದು ಆಜ್ಞೆಯಾಗಿದೆ. ವಿನಾಯಿತಿ ಒಂದೇ: ಒಂದು ವರ್ಷವೂ ತಪ್ಪದ ಸಾಲಿದ್ದರೆ ಉಳಿಸಿಕೊಳ್ಳಬಹುದು. ಅತ್ತೆಯ ಸಾಲಿನಲ್ಲಿ ಒಂದು ಕುಳಿ ಖಾಲಿಯಿದೆ. ಅದು ನಿಮ್ಮ ವರ್ಷ, ೨೦೨೬.

ಹೀಗೇಕೆ ಎಂದು ನಾನು ಬಹಳ ಯೋಚಿಸಿದ್ದೇನೆ. ನೀವೂ ಚಿಲ್ಲರೆ ತಿರುವಿ ನೋಡುತ್ತಿದ್ದಿರಿ, ಒಪ್ಪುತ್ತೇನೆ. ಆದರೆ ಹುಡುಕಿದ್ದು ಅಜ್ಜನ ಕಾಲದ್ದನ್ನು. ಹಳೆಯದಕ್ಕೆ ಡಬ್ಬಿ, ಹೊಸದಕ್ಕೆ ಬೀಡಾ ಅಂಗಡಿ. ನಿಮ್ಮ ವರ್ಷದ ನಾಣ್ಯ ಎಲ್ಲರ ಜೇಬಿನಲ್ಲೂ ಇದ್ದುದರಿಂದ ಯಾರ ಮನೆಯಲ್ಲೂ ಉಳಿಯಲಿಲ್ಲ. ಇನ್ನು ಕೆಲವು ಅಂಗಡಿಯವರು ಚಿಲ್ಲರೆಯ ಬದಲು ಚಾಕಲೇಟು ಕೊಡುತ್ತಿದ್ದರಂತೆ. ಅದನ್ನಂತೂ ನಾವು ಹುಡುಕಲು ಹೋಗಿಲ್ಲ.

ಕಳೆದ ದಸರೆಗೆ ಆ ನಾಣ್ಯ ಸಿಕ್ಕಿತ್ತು. ಒಂದು ಹಳೆಯ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ಕಂದು ಹಿಡಿದು, ಅಂಕಿ ಮಾಸದೆ. ಅತ್ತೆ ಅದನ್ನು ಅರಿವೆಯಲ್ಲಿ ಸುತ್ತಿ ದೇವರ ಮುಂದಿಟ್ಟಿದ್ದರು. ಸಾಲು ಪರೀಕ್ಷಿಸಲು ಸರ್ಕಾರದವರು ಬರುವ ತಪಾಸಣೆಯ ದಿನ ಬೆಳಿಗ್ಗೆ ನನ್ನ ತಾಯಿ ಕೊಟ್ರವ್ವ ದೇವರ ಸಾಮಾನು ಬೆಳಗಲು ಕೂತವಳು ಅದನ್ನೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದಳು. ಹಿತ್ತಾಳೆಯ ಬಣ್ಣದ್ದೇನಾದರೂ ಕಣ್ಣಿಗೆ ಬಿದ್ದರೆ ಹುಣಸೆಹಣ್ಣು ನೆನೆಹಾಕದ ಹೆಂಗಸು ನಮ್ಮೂರಲ್ಲಿ ಹುಟ್ಟಿಲ್ಲ. ನಾಣ್ಯ ಬಂಗಾರದಂತೆ ಹೊಳೆಯಿತು. ತಪಾಸಣೆಗೆ ಬಂದವನು ಒಂದೇ ಸಲ ನೋಡಿ ಕೆಳಗಿಟ್ಟ. "ಅಮ್ಮಾರೆ, ಇದರ ಚರ್ಮನೇ ಸುಲಿದೀರಲ್ರೀ. ಇದು ಹಳೇದು ಅಂತ ಹೆಂಗೆ ಬರೀಲಿ?" ಅಮ್ಮ ಅಂದಳು, "ಚರ್ಮ ಅಲ್ಲಪಾ, ಕೊಳೆ. ಪರೀಕ್ಷೆಗೆ ಹೋಗೋ ಕೂಸಿಗೆ ಮಕ ತೊಳೀದೆ ಕಳಿಸ್ತಾರೇನು?" ನಾಣ್ಯ ತಿರಸ್ಕೃತವಾಯಿತು. ಅತ್ತೆ ಬೈಯಲಿಲ್ಲ. "ನಾನು ಹೋದ ಮ್ಯಾಲೆ ಕರಗಿಸಿಕೊಳ್ಳಿ. ನನ್ನ ಕಣ್ಣೆದುರಿಗೆ ಬ್ಯಾಡ" ಎಂದಷ್ಟೇ ಹೇಳಿ ಒಳಗೆ ಹೋದರು. ಅವರು ಬೈದಿದ್ದರೆ ಅಮ್ಮ ಆ ರಾತ್ರಿ ಉಂಡಿರುತ್ತಿದ್ದಳು.

ಮೊನ್ನೆ ಶುಕ್ರವಾರ ಹೊಸ್ತಿಲಿಗೆ ಅರಿಶಿನ ಬಳಿಯುತ್ತಿದ್ದ ಅಮ್ಮ ಕೈ ನಿಲ್ಲಿಸಿದಳು. "ಅಕ್ಕಾ, ಬಾಗ್ಲು ನಿಲ್ಸೋವಾಗ ಕೆಳಗೆ ದುಡ್ಡು ಇಡದೆ ಇರ್ತಾರೇನು? ಮನಿ ಆ ವರ್ಷದ್ದೇ ಐತಲ್ಲ. ಹೊಸ್ತ್ಲು ಕೀಳಣ." ಅತ್ತೆ ಹೌಹಾರಿದರು. ಹೊಸ್ತಿಲು ಕಿತ್ತರೆ ಮನೆಗೆ ಒಳ್ಳೆಯದಲ್ಲ ಎಂದರು. "ಮನಿಗೆ ಒಳ್ಳೇದು ಕೆಟ್ಟದ್ದು ನಾನು ನೋಡ್ಕಂತೀನಿ. ನಿನ್ ಸಾಲು ನೀನು ನೋಡ್ಕ" ಎಂದು ಅಮ್ಮ ಹಾರೆ ತರಲು ನನ್ನನ್ನು ಅಟ್ಟಿದಳು. ಮನೆಗಿರುವ ಒಂದೇ ಹಿಂದಂಚೆಯನ್ನು ಇದಕ್ಕೇ ಬಳಸಬೇಕೆಂದು ತೀರ್ಮಾನಿಸಿದವಳೂ ಅವಳೇ.

ಆದ್ದರಿಂದ ಹಿರಿಯರೇ, ಬಾಗಿಲು ನಿಲ್ಲಿಸುವ ದಿನ ನೀವು ನವಧಾನ್ಯದ ಜೊತೆ ಇಡಲೆಂದು ಅಜ್ಜಿಯ ಪೆಟ್ಟಿಗೆಯಿಂದ ಬೆಳ್ಳಿ ರೂಪಾಯಿ ಹುಡುಕುತ್ತಿರಬಹುದು. ಅದನ್ನೂ ಇಡಿ, ಬೇಡವೆನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ಜೇಬಿಗೆ ಕೈ ಹಾಕಿ. ಹಾಲಿನ ಅಂಗಡಿಯವನು ಬೆಳಿಗ್ಗೆ ಕೊಟ್ಟ ಚಿಲ್ಲರೆಯನ್ನು ಅಂಗೈ ಮೇಲೆ ಹರಡಿ. ನಿಮ್ಮದೇ ವರ್ಷದ ಒಂದು ಐದು ರೂಪಾಯಿ ಆರಿಸಿ. ಬಟ್ಟೆಗೆ ಮೇಣ ಬಳಿದು, ತೇವ ತಾಗದಂತೆ ಸುತ್ತಿ, ಹೊಸ್ತಿಲ ಬಲತುದಿಯ ಕೆಳಗೆ ಇಡಿ. ತೊಳೆಯಬೇಡಿ. ಪೂಜಾರಪ್ಪ ಹೇಳಿದರೂ ತೊಳೆಯಬೇಡಿ, ಮನೆಯ ಹಿರಿಯ ಹೆಂಗಸು ಹೇಳಿದರೆ ನಾಣ್ಯ ಹಿಡಿದು ಓಡಿಹೋಗಿ. ತೊಳೆದರೆ ಹೊಳಪು, ತೊಳೆಯದಿದ್ದರೆ ಉಳಿವು.

ನಾಳೆ ಬೆಳಿಗ್ಗೆ ಹಾರೆ ಹಾಕುತ್ತೇವೆ. ನೀವು ಇಟ್ಟಿದ್ದರೆ ಇರುತ್ತದೆ. ಇಲ್ಲದಿದ್ದರೆ ಯುಗಾದಿಯವರೆಗೆ ಇನ್ನೂ ದಿನಗಳಿವೆ; ಅದೇ ವರ್ಷದ ಬೇರೆ ಮನೆಗಳೂ ಈ ಊರಲ್ಲಿವೆ, ಹೊಸ್ತಿಲಿಗೆ ಬರವಿಲ್ಲ. ಅತ್ತೆ ಮಣೆಯನ್ನು ಒರೆಸಿ, ಖಾಲಿ ಕುಳಿ ತಮ್ಮ ಕಡೆಗೆ ಬರುವಂತೆ ತಿರುಗಿಸಿಕೊಂಡು ಕೂತಿದ್ದಾರೆ. ಅಮ್ಮ ಹುಣಸೆಹಣ್ಣಿನ ಡಬ್ಬಿಯನ್ನು ಈಗಷ್ಟೇ ಪಕ್ಕದ ಮನೆಗೆ ಕೊಟ್ಟು ಬಂದಳು.

ನಿಮ್ಮ ಹೊಸ್ತಿಲು ದಾಟಿ ಓಡಾಡುವ,
ರುದ್ರಮುನಿ