ಹತ್ತಿ ಗೋದಾಮಿನಾಗ ನೈಟ್ರಸ್ ಬಾಟ್ಲಿ

ವಾಗೀಶಾ,

ಫೋನ್ ಮನಿಯಾಗ ಬಿಟ್ಟು ಹೋಗಿದ್ದಿ, ಅದಕ್ಕ ಅದರ ಕೆಳಗ ಈ ಚೀಟಿ ಇಟ್ಟೀನಿ.

ಕಾರ್ ಜೋರ್ ಓಡ್ಲಿ ಅಂತ ನೀ ಹಾಕೋ ನೈಟ್ರಸ್ ಗ್ಯಾಸಿನ ಬಾಟ್ಲಿ ಗೋದಾಮಿನಾಗ ಕಂಡೆ. ಬಿಸಿಲಿಗೆ ಡಿಕ್ಕಿಯಾಗ ಇಡಬಾರದು, ಖರೆ. ಅದಕ್ಕಂತ ಹತ್ತಿ ನಡುವ ಇಡ್ತಾರೇನೋ? ವಾಲ್ವ್ ಸುಸ್ಸ್ ಅನ್ನಾಕತ್ತೈತಿ. ಮುಟ್ಟಿದ್ರ ಕೈ ಕೊರೆಯೋವಷ್ಟು ತಣ್ಣಗ. ಅದು ತಾನು ಉರಿಯೋದಿಲ್ಲ, ಉರಿಯೋದನ್ನ ಭುಗಿಲೆಬ್ಬಿಸ್ತೈತಿ ಅಂತ ನೀನ ಹೇಳಿದ್ದಿ.

ಶಟರ್ ಪೂರ್ತಿ ಎತ್ತೀನಿ. ಲೈಟ್ ಹಾಕಬ್ಯಾಡ. ದಪ್ಪ ಕೈಗವಸು ಹಾಕ್ಕೊಂಡು ವಾಲ್ವ್ ಬಿಗಿ ಮಾಡಿ ಬಯಲಿಗೆ ಒಯ್ಯಿ.

ಇವತ್ತು ಸೋಮವಾರ, ಸಂಜೀಕ ಅಪ್ಪ ತಕ್ಕಡಿಗೆ ಕರ್ಪೂರ ಬೆಳಗಾಕ ಅಲ್ಲಿಗೇ ಹೋಗ್ತಾನ. ಅದಕ್ಕ ಅವನ್ನ ಆಲೂರಿಗೆ ಅತ್ತಿ ಮನಿಗೆ ಕರ್ಕೊಂಡು ಹೊಂಟೀನಿ. ನಿನ್ನ ಫೋನ್ ಬರೋತನ ಬಿಡಾಂಗಿಲ್ಲ.

ಗೋದಾಮಿಗೆ ಹೋಗೋಕಿಂತ ಮೊದಲು ಜೇಬಿನಾಗಿನ ಲೈಟರ್ ಇಲ್ಲೇ ಇಡು. ನೀ ಸೇದೋದು ನನಗ ಗೊತ್ತೈತಿ. ಅಪ್ಪಗ ಹೇಳಿಲ್ಲ.

ವಿಜಯಕ್ಕ